ಡೆಲ್ಫಿಗೆ ಹೋಗಿ ಬಂದ್ವಿ, ಮ್ಯೂಸಿಯಂಗೆ ಉಳಿದಿದ್ದು ಮುಕ್ಕಾಲು ಗಂಟೆ. ಹೋಗಿರೋರು ಸ್ವಲ್ಪ ಹೇಳಿ

ಮೂರನೇ_ಕಾಫಿ

ಎಲ್ರಿಗೂ ನಮಸ್ಕಾರ. ಜೂನ್ ಕೊನೇಲಿ ಅಮ್ಮನ್ನ ಕರ್ಕೊಂಡು ಗ್ರೀಸ್‌ಗೆ ಹೋಗಿದ್ದೆ, ಅಥೆನ್ಸ್‌ನಲ್ಲಿ ಮೂರು ದಿನ, ಆಮೇಲೆ ಒಂದು ದಿನ ಡೆಲ್ಫಿ, ಅಪೊಲೋ ದೇವರ ಕಣಿ ಕೇಳೋಕೆ ಜನ ಬರ್ತಿದ್ದ ಹಳೇ ಗ್ರೀಕ್ ಕ್ಷೇತ್ರ. ಹೋಗೋ ಮುಂಚೆ ಡೆಲ್ಫಿ ಬಗ್ಗೆ ಕನ್ನಡದಲ್ಲಿ ಏನಾದ್ರೂ ಸಿಗುತ್ತಾ ಅಂತ ಹುಡುಕ್ದೆ, ಸ್ಯಾಂಟೋರಿನಿ ಫೋಟೋ ರಾಶಿ ರಾಶಿ ಬಿತ್ತು, ಡೆಲ್ಫಿ ಮಾತ್ರ ಇಲ್ಲ, ಅದಕ್ಕೇ ನಾನೇ ಬರೀತಿದೀನಿ. ಜೊತೆಗೆ ಒಂದು ಹೊಟ್ಟೆಉರಿನೂ ತೋಡ್ಕೋಬೇಕು.

ಅಥೆನ್ಸ್‌ನಿಂದ ಸುಮಾರು 180 ಕಿಲೋಮೀಟರ್, ಬಸ್ಸಲ್ಲಿ ಮೂರು ಗಂಟೆ. ಅಮ್ಮನಿಗೆ ಮಂಡಿ ನೋವು, ಬಸ್ ಸ್ಟ್ಯಾಂಡ್ ಅಲೆದಾಟ ಬೇಡ ಅಂತ ಒಂದು ಡೇ ಟೂರ್ ಬುಕ್ ಮಾಡ್ದೆ, ಕೆಟ್ಟಿದ್ದೇ ಅಲ್ಲಿ. ದಾರೀಲಿ ಅರಾಖೋವಾ ಅಂತ ಬೆಟ್ಟದ ಮೇಲಿನ ಊರು ಬರುತ್ತೆ, ಅಲ್ಲಿ ಅಂಗಡಿ ಮುಂದೆ ನಿಲ್ಸಿ ನಲವತ್ತು ನಿಮಿಷ ತಿಂದ್ರು, ಆಮೇಲೆ ಊಟ ಅಂತ ಒಂದು ಗಂಟೆ, ಮಧ್ಯಾಹ್ನ ಒಂದೂವರೆಗೆ ಸರಿಯಾಗಿ ತಲೆ ಮೇಲೆ ಸೂರ್ಯ ಇದ್ದಾಗ ಸೈಟ್ ಹತ್ಸಿದ್ರು. ಗೈಡ್ ಮುಂದೆ ಮುಂದೆ ಓಡ್ತಾಳೆ, ಅಮ್ಮ ಹಿಂದೆ ಹಿಂದೆ ಉಳೀತಾರೆ, ನಾನು ನಡುವೆ ತ್ರಿಶಂಕು.

ಜಾಗ ಮಾತ್ರ, ಏನ್ ಹೇಳ್ಲಿ. ಪಾರ್ನಾಸಸ್ ಬೆಟ್ಟದ ಪಕ್ಕೇಲಿ ಗದ್ದೆ ಮಡಿ ಮಾಡಿದಂಗೆ ಮಟ್ಟ ಮಟ್ಟವಾಗಿ ಕಡಿದು ಕೂರ್ಸಿದಾರೆ, ಹಿಂದೆ ಎರಡು ಬಂಡೆ ನೆಟ್ಟಗೆ ಗೋಡೆ ಥರ, ಕೆಳಗೆ ಕಣಿವೆ ತುಂಬ ಆಲಿವ್ ಮರ, ಸಮುದ್ರ ಸಿಗೋವರೆಗೂ ಅದೇ ಬೂದು ಹಸಿರು. ಅಮ್ಮ ಅಥೆನ್ಸ್‌ನವರ ಭಂಡಾರ ಅಂತಾರಲ್ಲ, ದೇವರಿಗೆ ಕೊಟ್ಟ ಕಾಣಿಕೆ ಇಡೋಕೆ ಕಟ್ಟಿದ ಪುಟ್ಟ ಗುಡಿ ಥರ ಇರೋದು, ಅಲ್ಲಿವರೆಗೆ ಹತ್ತಿ ಒಂದು ಮರದ ನೆರಳಲ್ಲಿ ಕೂತ್ಬಿಟ್ರು, "ನೀನು ಹೋಗ್ಬಾ, ನಾನು ಕಣಿವೆ ನೋಡ್ಕೊಂಡಿರ್ತೀನಿ" ಅಂದ್ರು. ನಾನು ಅಪೊಲೋ ದೇವಸ್ಥಾನ, ಮೇಲಿನ ರಂಗಮಂದಿರ ನೋಡ್ದೆ. ಅದಕ್ಕೂ ಮೇಲಿರೋ ಸ್ಟೇಡಿಯಂಗೆ ಹೋಗೋಷ್ಟು ಟೈಮ್ ಕೊಡ್ಲಿಲ್ಲ.

ಮ್ಯೂಸಿಯಂಗೆ ಬಂದಾಗ ಮುಕ್ಕಾಲು ಗಂಟೆ ಬಾಕಿ. ಹದಿನಾಲ್ಕು ಕೋಣೆ, ಕಾಲು ಭಾಗನೂ ನೋಡ್ಲಿಲ್ಲ. ಆದ್ರೆ ಕೊನೇ ಕಡೆ ಒಂದು ಕೋಣೇಲಿ ರಥ ಓಡಿಸೋನ ಕಂಚಿನ ಮೂರ್ತಿ ಇದೆಯಲ್ಲ, ಅಲ್ಲಿ ಅಮ್ಮ ನಿಂತ್ಬಿಟ್ರು. ಮುಖ ನೋಡ್ಲಿಲ್ಲ, ಮೊದಲು ಕಾಲು ನೋಡಿದ್ರು. ಬರಿಗಾಲು, ನರ ಎದ್ದಿವೆ, ಹೆಬ್ಬೆರಳ ಉಗುರು, ಗಿಣ್ಣು ಎಲ್ಲ ಹಂಗಂಗೇ ಇದೆ. "ಇವನು ರಥದೊಳಗೆ ನಿಂತಿದ್ದ ಅಂದ್ರೆ ಕಾಲು ಯಾರಿಗೂ ಕಾಣ್ತಿರಲಿಲ್ಲ ಅಲ್ವೇನೋ, ಆದ್ರೂ ಇಷ್ಟು ಮಾಡಿದಾನೆ ನೋಡು ಪುಣ್ಯಾತ್ಮ" ಅಂದ್ರು. ಅಷ್ಟರಲ್ಲಿ ಗೈಡ್ ಬಂದು ಬಸ್ಸು ಬಸ್ಸು ಅಂತ ಶುರು ಮಾಡಿದ್ಲು.

ಮುಂದಿನ ವರ್ಷ ಮತ್ತೆ ಹೋಗ್ಬೇಕು ಅಂತಿದೀನಿ. ಹೋಗಿರೋರು ಹೇಳಿ, ಮ್ಯೂಸಿಯಂ ಮೊದಲಾ ಸೈಟ್ ಮೊದಲಾ? ಒಂದಿನ ಸಾಕಾ?

ಹೊಯ್ಸಳ_ಹುಳ

ಬೇಜಾರ್ ಮಾಡ್ಕೋಬೇಡಿ, ಆದ್ರೆ ಅಷ್ಟು ದುಡ್ಡು ಕೊಟ್ಟು ಆರು ಕಂಬ ನೋಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು ಅಂತ ನಂಗೆ ಅರ್ಥ ಆಗಲ್ಲ. ನಾನೂ ಫೋಟೋ ನೋಡಿದೀನಿ, ಬರೀ ಅಡಿಪಾಯ. ಬೇಲೂರಿಗೆ ಹೋಗಿ, ಗುಡಿ ಗುಡಿಯಾಗಿ ನಿಂತಿದೆ, ಇವತ್ತಿಗೂ ಪೂಜೆ ನಡೀತಿದೆ.

ಹಳೇಕಲ್ಲು

@ಹೊಯ್ಸಳ_ಹುಳ ಬೇಲೂರಿಗೂ ಹೋಗಿ, ಯಾರು ಬೇಡ ಅಂದ್ರು. ಒಂದನ್ನ ನೋಡಿದ್ರೆ ಇನ್ನೊಂದು ನೋಡಬಾರದು ಅಂತ ಏನಾದ್ರೂ ವ್ರತ ಇದೆಯಾ.

ಬರೀ ಅಡಿಪಾಯ ಅನ್ನೋ ಮಾತು ಅರ್ಧ ಸರಿ. ದೇವಸ್ಥಾನದ ಆರು ಕಂಬನೂ ಬಿದ್ದಿದ್ದನ್ನ ಕಳೆದ ಶತಮಾನದಲ್ಲಿ ಎತ್ತಿ ನಿಲ್ಸಿದ್ದೇ. ಮೂರನೇ_ಕಾಫಿ ಅವರ ಅಮ್ಮ ಕೂತಿದ್ದ ಆ ಅಥೆನ್ಸ್ ಭಂಡಾರನೂ 1903ರಿಂದ 1906ರೊಳಗೆ ಬಿದ್ದ ಕಲ್ಲನ್ನೇ ಜೋಡಿಸಿ ಕಟ್ಟಿದ್ದು. ಡೆಲ್ಫಿಯಲ್ಲಿ ಜಾಗ ಒಂದು ಕಡೆ, ಮಾಲು ಇನ್ನೊಂದು ಕಡೆ. ಖಾಲಿ ಪೀಠ ಎಲ್ಲ ಬೆಟ್ಟದ ಮೇಲಿದೆ, ಅದರ ಮೇಲಿದ್ದದ್ದರಲ್ಲಿ ಉಳಿದಷ್ಟು ಮ್ಯೂಸಿಯಂನಲ್ಲಿದೆ. ಒಂದನ್ನ ಮಾತ್ರ ನೋಡಿದ್ರೆ ಅರ್ಧ ಜಾತ್ರೆ ನೋಡಿದಂಗೆ.

ಉದಾಹರಣೆಗೆ ಹತ್ತೋ ದಾರೀಲಿ ಎಡಕ್ಕೆ ಸಿಫ್ನೋಸ್ ಅನ್ನೋ ದ್ವೀಪದವರ ಭಂಡಾರದ ತಳಪಾಯ ಇದೆ, ಯಾರೂ ತಿರುಗಿ ನೋಡಲ್ಲ, ನೋಡೋಕೂ ಏನಿಲ್ಲ. ಆ ದ್ವೀಪದಲ್ಲಿ ಚಿನ್ನ ಬೆಳ್ಳಿ ಗಣಿ ಇತ್ತು, ದುಡ್ಡು ಉಕ್ಕಿ ಹರೀತಿತ್ತು, ಕ್ರಿ.ಪೂ. 525ರ ಸುಮಾರಿಗೆ ಅಪೊಲೋಗೆ ಕಾಣಿಕೆ ಅಂತ ಅಮೃತಶಿಲೆ ಭಂಡಾರ ಕಟ್ಸಿದ್ರು, ಮುಂದೆ ಕಂಬದ ಬದಲು ಹೆಂಗಸರ ಮೂರ್ತಿ ನಿಲ್ಸಿದ್ರು. ಅದರ ಸುತ್ತ ಪಟ್ಟಿ ಥರ ಓಡೋ ಕೆತ್ತನೆ ಮ್ಯೂಸಿಯಂನಲ್ಲಿದೆ. ದೇವತೆಗಳಿಗೂ ದೈತ್ಯರಿಗೂ ಯುದ್ಧ, ಒಂದು ಸಿಂಹ ಒಬ್ಬ ದೈತ್ಯನ ಸೊಂಟ ಕಚ್ಕೊಂಡಿದೆ, ಅವನ ಮುಖ ನಮ್ಮ ಕಡೆ ತಿರುಗಿದೆ. ಹೊಯ್ಸಳ_ಹುಳ ಅವರೇ, ನಿಮಗೆ ಅದರ ಮುಂದೆ ಒಂದು ಗಂಟೆ ಬೇಕಾಗುತ್ತೆ, ನಾನು ಬರ್ಕೊಡ್ತೀನಿ.

ಹೊಯ್ಸಳ_ಹುಳ

ಸರಿ ಬಿಡಿ, ಸಿಂಹ ಅಂದ್ಮೇಲೆ ನಾನು ಸುಮ್ನಿರ್ತೀನಿ 😄

ಜರ್ಮನಿ_ಜೋಳದರೊಟ್ಟಿ

ನಾವು ಹೋದ ವರ್ಷ ಏಪ್ರಿಲ್‌ನ್ಯಾಗ ಹೋಗಿದ್ವಿ, ಗಂಡ ಹೆಂಡ್ತಿ ಇಬ್ರು ಹುಡುಗ್ರು. ಟೂರ್ ಗೀರ್ ಬ್ಯಾಡ್ರಿ, ಕೆಟೆಲ್ ಅಂತ ಅಲ್ಲಿನ ಬಸ್ ಅದಾವ, ಅದ್ರಾಗ ಹೋಗಿ ಡೆಲ್ಫಿ ಊರಾಗ ಒಂದ ರಾತ್ರಿ ಉಳೀರಿ. ಊರು ಸಣ್ಣದು, ಎರಡ ಮೂರ ಬೀದಿ ಅಷ್ಟ, ಅಲ್ಲಿಂದ ಮ್ಯೂಸಿಯಂ ನಡ್ಕೊಂಡ ಹೋಗಬೋದು, ಮ್ಯೂಸಿಯಂ ದಾಟಿದ್ರ ಸೈಟ್. ಬೆಳಿಗ್ಗೆ ಬಾಗ್ಲಾ ತಗಿಯೂದಕ್ಕ ನಿಂತ್ರ ಅಥೆನ್ಸ್‌ನಿಂದ ಬರೂ ದೊಡ್ಡ ಬಸ್ಸು ಇನ್ನೂ ದಾರ್ಯಾಗ ಇರ್ತಾವ, ಒಂದ ಒಂದೂವರಿ ತಾಸು ಇಡೀ ಗುಡ್ಡ ನಿಮ್ಮದ. ಬಿಸಲ ಏರಿದ ಮ್ಯಾಲ ಮ್ಯೂಸಿಯಂ, ಒಳಗ ತಂಪ ಇರ್ತದ. ಎರಡಕ್ಕೂ ಒಂದ ಟಿಕೆಟ್.

ಊಟದ ಚಿಂತಿ ಮಾಡಬ್ಯಾಡ್ರಿ, ನಾವು ಶುದ್ಧ ಶಾಖಾಹಾರಿ, ಜಿಗಾಂತೆಸ್ ಅಂತ ದೊಡ್ಡ ಅವರಿ ಕಾಳಿನಂಥವನ್ನ ಟೊಮ್ಯಾಟೊದಾಗ ಬೇಯಿಸಿ ಕೊಡ್ತಾರ, ಪಾಲಕ್ ಹಾಕಿದ ಪೈ ಇರ್ತದ, ಅರಾಖೋವಾದ ಫೋರ್ಮಾಯೆಲಾ ಅಂತ ಚೀಸ್ ಸುಟ್ಟ ಕೊಡ್ತಾರ. ನಮ್ಮ ಸಣ್ಣಾಂವ ಮೂರೂ ದಿನ ಅದನ್ನ ತಿಂದ. ರೊಟ್ಟಿ ನಾನ ಕಟ್ಕೊಂಡ ಹೋಗಿದ್ದೆ ಅದು ಬ್ಯಾರೆ ಮಾತು.

ಹಳೇಕಲ್ಲು

ನಾನು ಉಲ್ಟಾ ಹೇಳ್ತೀನಿ. ಮೊದಲ ಸಲ ಹೋಗೋರು ಮ್ಯೂಸಿಯಂ ಮೊದಲು ನೋಡ್ಬೇಕು. ಆವಾಗ ಬೆಟ್ಟ ಹತ್ತುವಾಗ ಪ್ರತಿ ಖಾಲಿ ಪೀಠದ ಮೇಲೂ ಏನಿತ್ತು ಅಂತ ತಲೇಲಿ ಇರುತ್ತೆ.

ನಾಕ್ಸೋಸ್ ದ್ವೀಪದವರ ಸಿಂಹನಾರಿ ತಗೊಳ್ಳಿ. ಹೆಣ್ಣಿನ ಮುಖ, ಸಿಂಹದ ಮೈ, ರೆಕ್ಕೆ. ಕ್ರಿ.ಪೂ. 560ರ ಸುಮಾರಿನದು. ಮ್ಯೂಸಿಯಂನಲ್ಲಿ ಎರಡು ಮೀಟರ್ ಚಿಲ್ಲರೆ ಎತ್ತರದ್ದಾಗಿ ಕೂತಿದೆ, ಆದ್ರೆ ಅವತ್ತು ಅದು ಕೂತಿದ್ದಿದ್ದು ಕಂಬದ ತುದೀಲಿ, ಕಂಬ ಸೇರಿ ಹನ್ನೆರಡೂವರೆ ಮೀಟರ್. ಇದು ಗೊತ್ತಿಲ್ದೆ ಸೈಟ್‌ಗೆ ಹೋದ್ರೆ ಆ ಕಂಬದ ಬುಡ ಇನ್ನೊಂದು ಕಲ್ಲು ಅಷ್ಟೇ. ಗೊತ್ತಿದ್ದು ಹೋದ್ರೆ ಕತ್ತು ತಾನಾಗೇ ಮೇಲಕ್ಕೆ ಏಳುತ್ತೆ, ಅಲ್ಲಿ ಏನೂ ಇಲ್ದಿದ್ರೂ.

ಆ ಕಂಬದ ಬುಡದಲ್ಲಿ ಒಂದು ಶಾಸನ ಇದೆ, ನಮ್ಮವರಿಗೆ ತಕ್ಷಣ ಅರ್ಥ ಆಗೋಂಥದ್ದು. ನಾಕ್ಸೋಸ್‌ನವರಿಗೆ ಪ್ರೋಮಾಂಟೆಯಾ ಕೊಟ್ಟಿದೆ ಅಂತ. ಅಂದ್ರೆ ದೇವರ ಹತ್ರ ಪ್ರಶ್ನೆ ಕೇಳೋ ಕ್ಯೂನಲ್ಲಿ ಅವರು ಮುಂದೆ ನಿಲ್ಲಬಹುದು. ಕಿಯೋಸ್ ದ್ವೀಪದವರು ದೇವಸ್ಥಾನದ ಮುಂದೆ ಬಲಿಪೀಠ ಕಟ್ಸಿಕೊಟ್ಟಿದ್ರು, ಅವರಿಗೂ ಅದೇ ಸವಲತ್ತು, ಅದೂ ಕಲ್ಲಲ್ಲಿ ಕೆತ್ತಿದೆ.

ಮೂರನೇ_ಕಾಫಿ

ವಿಐಪಿ ದರ್ಶನ!!! ಅಮ್ಮನಿಗೆ ಓದಿ ಹೇಳ್ದೆ, ಬಿದ್ದು ಬಿದ್ದು ನಕ್ರು.

ಮೈಲಾರದ_ಕಡೆಯವ

ಪ್ರಶ್ನೆ ಕೇಳೂದು ಅಂದ್ರ ಹೆಂಗ್ ನಡೀತಿತ್ತ್ರೀ ಅಲ್ಲಿ? ನಮ್ಮ ಕಡೆ ಮೈಲಾರದಾಗ ಕಾರ್ಣಿಕ ಆಕ್ಕತಿ, ಗೊರವಯ್ಯ ಬಿಲ್ಲು ಏರಿ ಒಂದ ಮಾತು ಹೇಳ್ತಾನ, ಹೇಳಿ ಕೆಳಗ ಬೀಳ್ತಾನ, ಆಮ್ಯಾಲ ಇಡೀ ವರ್ಷ ಜನ ಅದು ಮಳಿಗೆ ಹೇಳಿದ್ದೋ ಸರಕಾರಕ್ಕ ಹೇಳಿದ್ದೋ ಅಂತ ಜಗಳಾಡ್ತಾರ. ಇದೂ ಹಂಗ ಏನು?

ಹಳೇಕಲ್ಲು

ತುಂಬ ಹತ್ರದ ಮಾತು ಹೇಳಿದ್ರಿ. ಒಂದು ವ್ಯತ್ಯಾಸ ಅಂದ್ರೆ ಇಲ್ಲಿ ಊರಿಗೆಲ್ಲ ಒಂದೇ ಮಾತಲ್ಲ, ಬಂದೋರು ಒಬ್ಬೊಬ್ಬರಾಗಿ ಕೇಳ್ತಿದ್ರು. ಪಿಥಿಯಾ ಅಂತ ಡೆಲ್ಫಿಯ ಹೆಂಗಸು, ಒಳಗೆ ಮೂರುಕಾಲಿನ ಪೀಠದ ಮೇಲೆ ಕೂರ್ತಿದ್ಲು, ಅವಳ ಬಾಯಲ್ಲಿ ಅಪೊಲೋ ಮಾತಾಡ್ತಾನೆ ಅಂತ ನಂಬಿಕೆ. ತಿಂಗಳಿಗೆ ಒಂದೇ ದಿನ, ಅದೂ ಚಳಿಗಾಲ ಬಿಟ್ಟು, ಚಳಿಗಾಲದಲ್ಲಿ ಅಪೊಲೋ ಊರಲ್ಲಿರಲ್ಲ, ಆಗ ಡಯೋನಿಸಸ್ ಅನ್ನೋ ಇನ್ನೊಂದು ದೇವರ ಪಾಳಿ.

ಕ್ರೀಸಸ್ ರಾಜನ ಕತೆ ಹಳೇ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳ್ತಾನೆ. ಲಿಡಿಯಾದ ರಾಜ, ಈಗಿನ ಟರ್ಕಿ ಕಡೆ, ಮಹಾ ಶ್ರೀಮಂತ. ಮೊದಲು ಇವರ ಕಣಿ ನಿಜವಾ ಅಂತ ಪರೀಕ್ಷೆ ಮಾಡೋಕೆ ಬೇರೆ ಬೇರೆ ಕ್ಷೇತ್ರಕ್ಕೆ ಆಳು ಕಳಿಸಿದ, ಹೊರಟ ನೂರನೇ ದಿನ ಈಗ ನಮ್ಮ ರಾಜ ಏನು ಮಾಡ್ತಿದಾನೆ ಅಂತ ಕೇಳ್ಬೇಕು. ಅವನು ಅವತ್ತು ಆಮೆನೂ ಕುರಿಮರಿನೂ ಒಟ್ಟಿಗೆ ಕಂಚಿನ ಹಂಡೇಲಿ ಬೇಯಿಸ್ತಿದ್ದ, ಯಾರೂ ಊಹೆ ಮಾಡಬಾರದು ಅಂತ. ಡೆಲ್ಫಿಯಿಂದ ಸರಿಯಾದ ಉತ್ತರ ಬಂತು. ಚಿನ್ನ ಬೆಳ್ಳಿ ಹೊರೆ ಹೊರೆ ಕಳಿಸಿದ. ಆಮೇಲೆ ಪರ್ಷಿಯಾ ಮೇಲೆ ಯುದ್ಧಕ್ಕೆ ಹೋಗಲಾ ಅಂತ ಕೇಳಿದ, ಹೋದ್ರೆ ದೊಡ್ಡ ಸಾಮ್ರಾಜ್ಯ ಒಂದು ನಾಶ ಆಗುತ್ತೆ ಅಂದ್ರು. ಹೋದ. ನಾಶ ಆಗಿದ್ದು ಅವನದ್ದೇ.

ಮೈಲಾರದ_ಕಡೆಯವ

ಹಹ್ಹ ಇದು ಪಕ್ಕಾ ಕಾರ್ಣಿಕನ ಬಿಡ್ರಿ

ಕರಾವಳಿ_ಕಾಗೆ

ಬಲಿಯ ವಿಷಯ ಬಂದದ್ದಕ್ಕೆ ಹೇಳ್ತೇನೆ. ಕಣಿ ಕೇಳುವ ಮುಂಚೆ ಒಂದು ಆಡಿನ ಮೇಲೆ ತಣ್ಣೀರು ಹಾಕ್ತಿದ್ರಂತೆ, ಅದು ಮೈಯೆಲ್ಲ ನಡುಗಿಸಿದ್ರೆ ದೇವರ ಒಪ್ಪಿಗೆ ಉಂಟು ಅಂತ, ನಡುಗದಿದ್ರೆ ಆ ದಿನ ಪ್ರಶ್ನೆ ಇಲ್ಲ. ಪ್ಲುಟಾರ್ಕ್ ಅಂತ ಹಳೇ ಗ್ರೀಕ್ ಲೇಖಕ ಬರೆದಿಟ್ಟಿದ್ದಾನೆ, ಅವನು ಅಲ್ಲಿಯೇ ಅರ್ಚಕ ಆಗಿದ್ದವ. ಒಮ್ಮೆ ಆಡು ನಡುಗದಿದ್ರೂ ಹೊರಗಿನಿಂದ ದೊಡ್ಡ ಜನ ಬಂದಿದ್ದಾರೆ ಅಂತ ನೀರು ಸುರಿದು ಸುರಿದು ಹೇಗೋ ನಡುಗಿಸಿದ್ರಂತೆ, ಪಿಥಿಯಾ ಮನಸ್ಸಿಲ್ಲದೆ ಒಳಗೆ ಹೋದ್ಲು, ಕಿರುಚಿಕೊಂಡು ಹೊರಗೆ ಓಡಿ ಬಂದು ಬಿದ್ಲು, ಕೆಲವೇ ದಿನದಲ್ಲಿ ತೀರಿಕೊಂಡ್ಲು ಅಂತ ಸಹ ಅವನೇ ಬರೀತಾನೆ. ಓದಿ ನನಗೆ ಮೈ ಜುಂ ಅಂತು ಮಾರಾಯ್ರೆ.

ಮೈಲಾರದ_ಕಡೆಯವ

ಏನ್ರೀ ಇದು! ನಮ್ಮಲ್ಲಿ ಕುರಿಗೆ ತೀರ್ಥ ಹಾಕಿ ಮೈ ಒದರೂತನ ಕಾಯ್ತಾರ, ನಮ್ಮಜ್ಜ ದ್ಯಾಮವ್ವನ ಜಾತ್ರ್ಯಾಗ ಅರ್ಧ ತಾಸು ಕಾದಿದ್ದ ನಾನ ನೋಡೇನಿ, ಕುರಿ ಒದರವಲ್ದು, ಅಜ್ಜ ಬಿಡವಲ್ಲ.

ಡಾಟಾ_ದಾಸಯ್ಯ

ಭಕ್ತಿ ಎಲ್ಲ ಸರಿ ಆದರೆ ಅದು ಗ್ಯಾಸ್ ಅಂತ ಪ್ರೂವ್ ಆಗಿದೆ. ದೇವಸ್ಥಾನದ ಕೆಳಗೆ ಭೂಮಿ ಬಿರುಕು ಇದೆ, ಎಥಿಲೀನ್ ಅನ್ನೋ ಗ್ಯಾಸ್ ಬರ್ತಿತ್ತು, ಅದು ಎಳ್ಕೊಂಡು ಅವಳು ನಶೆಯಲ್ಲಿ ಮಾತಾಡ್ತಿದ್ದಳು. ಕ್ಲೋಸ್.

ಹಳೇಕಲ್ಲು

ಅಷ್ಟು ಬೇಗ ಕ್ಲೋಸ್ ಮಾಡಬೇಡಿ ದಾಸಯ್ಯನವರೇ. 2001ರಲ್ಲಿ ಒಂದು ತಂಡ ಎರಡು ಸ್ತರಭಂಗ, ಅಂದ್ರೆ ಭೂಮಿ ಒಳಗಿನ ಬಿರುಕು, ದೇವಸ್ಥಾನದ ಕೆಳಗೇ ಕೂಡ್ತವೆ, ಹತ್ತಿರದ ಬುಗ್ಗೆ ನೀರಲ್ಲಿ ಸ್ವಲ್ಪ ಎಥಿಲೀನ್ ಸಿಕ್ತು ಅಂತ ಬರೀತು, ಪ್ಲುಟಾರ್ಕ್ ಒಳಗಿಂದ ಆಗಾಗ ಸುವಾಸನೆ ಬರ್ತಿತ್ತು ಅಂದಿದ್ದಕ್ಕೆ ಅದು ಕೂಡಿ ಬಂತು. ಆಮೇಲೆ 2006ರಲ್ಲಿ ಇನ್ನೊಂದು ತಂಡ ಅಳೆದು ನೋಡಿ ಅಲ್ಲಿ ನಶೆ ಬರೋಷ್ಟು ಎಥಿಲೀನ್ ಹುಟ್ಟೋದು ಕಷ್ಟ, ಮೀಥೇನ್ ಇಂಗಾಲದ ಡೈಆಕ್ಸೈಡ್ ತುಂಬಿ ಆಮ್ಲಜನಕ ಕಮ್ಮಿ ಆಗಿರಬಹುದು ಅಂತು. ಜಗಳ ಇನ್ನೂ ನಡೀತಿದೆ. ಮತ್ತೆ ಗ್ಯಾಸ್ ಎಳ್ಕೊಂಡ್ರೆ ತಲೆ ತಿರುಗುತ್ತೆ ಸರಿ, ಸಾವಿರ ವರ್ಷ ರಾಜರೆಲ್ಲ ಬಂದು ಕ್ಯೂ ನಿಲ್ಲೋ ಹಂಗೆ ಆಗಲ್ಲ. ಅಲ್ಲಿನ ಪೂಜಾರಿಗಳಿಗೆ ಮೆಡಿಟರೇನಿಯನ್ ತುಂಬ ಯಾವ ಊರಲ್ಲಿ ಏನು ನಡೀತಿದೆ ಅಂತ ಬಂದೋರ ಬಾಯಿಂದಲೇ ಗೊತ್ತಾಗ್ತಿತ್ತು, ಅದನ್ನ ಮರೀಬೇಡಿ.

ಡಾಟಾ_ದಾಸಯ್ಯ

ಹಾಗಾದ್ರೆ ಪಾರ್ಶಿಯಲಿ ಕ್ಲೋಸ್ 🙂

ಪುಸ್ತಕದ_ಇರುವೆ

ಗ್ರೀಕ್ ಅಂದ ತಕ್ಷಣ ಒಂದು ಪ್ರಶ್ನೆ. ಗ್ರೀಕ್ ನಾಟಕದಲ್ಲಿ ಕನ್ನಡ ಮಾತು ಇದೆ ಅಂತ ಚಿಕ್ಕಂದಿನಿಂದ ಕೇಳ್ತಿದೀವಲ್ಲ, ಅದು ಇದೇ ಡೆಲ್ಫಿ ರಂಗಮಂದಿರದಲ್ಲಿ ಆಡಿದ್ದಾ? ಹಾಗಿದ್ರೆ ಅಲ್ಲಿ ಒಂದು ಬೋರ್ಡ್ ಹಾಕಿಸೋಕೆ ನಾವೆಲ್ಲ ಒಂದು ಮನವಿ ಕಳಿಸಬಹುದಲ್ವಾ?

ಕರಾವಳಿ_ಕಾಗೆ

ಇಲ್ಲ ಇಲ್ಲ, ಬೋರ್ಡ್ ಹಾಕ್ಸಿ ನಗೆಪಾಟಲು ಮಾಡ್ಬೇಡಿ. ಆ ಪ್ರಹಸನದ ಹಸ್ತಪ್ರತಿ ಸಿಕ್ಕಿದ್ದು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ, ಪಪೈರಸ್ ಮೇಲೆ, ಕ್ರಿ.ಶ. 2ನೇ ಶತಮಾನದ್ದು. ಖಾರಿಟಿಯೋನ್ ಅಂತ ಗ್ರೀಕ್ ಹುಡುಗಿ ಹಿಂದೂಸ್ಥಾನದ ಕರಾವಳಿಯಲ್ಲಿ ಸಿಕ್ಕಿ ಬೀಳ್ತಾಳೆ, ಅಣ್ಣ ಬಂದು ಅಲ್ಲಿನ ರಾಜನಿಗೆ ಕುಡಿಸಿ ಬಿಡಿಸಿಕೊಂಡು ಹೋಗ್ತಾನೆ. ರಾಜನ ಕಡೆಯವರು ಆಡುವ ಅರ್ಥ ಆಗದ ಮಾತು ಕನ್ನಡ ಅಂತ 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಷ್ ಹೇಳಿದ್ರು, ಶಾಮಾಶಾಸ್ತ್ರಿಗಳು, ನಮ್ಮ ಗೋವಿಂದ ಪೈಗಳು ಎಲ್ಲ ಅದರ ಬೆನ್ನು ಹತ್ತಿದ್ರು. ತುಳು ಅಂತ ಹೇಳುವವರು ಸಹ ಇದ್ದಾರೆ, ಬರೀ ತಮಾಷೆಗೆ ಬರೆದ ಗಿಬರಗಿಬರ ಅಂತ ಹೇಳುವವರು ಸಹ ಇದ್ದಾರೆ. ಡೆಲ್ಫಿಗೂ ಅದಕ್ಕೂ ಏನೂ ಸಂಬಂಧ ಇಲ್ಲ.

ಹಳೇಕಲ್ಲು

ಭಾರತದ ಕಡೆ ನಂಟು ಬೇಕು ಅಂದ್ರೆ ಬೇರೆ ಒಂದಿದೆ, ಕರ್ನಾಟಕದ್ದಲ್ಲ, ಅಫ್ಘಾನಿಸ್ತಾನದ್ದು. ಡೆಲ್ಫಿ ದೇವಸ್ಥಾನದಲ್ಲಿ ನಿನ್ನನ್ನ ನೀನು ತಿಳ್ಕೋ, ಯಾವುದೂ ಅತಿ ಬೇಡ, ಇಂಥ ನುಡಿ ಬರೆದಿದ್ರು ಗೊತ್ತಲ್ಲ. ಅಲೆಕ್ಸಾಂಡರನ ನಂತರ ಅಲ್ಲಿಂದ ಸಾವಿರಾರು ಕಿಲೋಮೀಟರ್ ಆಚೆ ಐ ಖಾನೂಮ್ ಅನ್ನೋ ಗ್ರೀಕರ ಊರು, ಅಮುದರಿಯಾ ನದಿ ದಡದಲ್ಲಿ. ಅಲ್ಲಿ ಸಿಕ್ಕ ಒಂದು ಕಲ್ಲಲ್ಲಿ ಕ್ಲೆಯಾರ್ಖಸ್ ಅನ್ನೋನು ಈ ನುಡಿಗಳನ್ನ ಡೆಲ್ಫಿಯಲ್ಲಿ ಜೋಪಾನವಾಗಿ ನಕಲು ಮಾಡ್ಕೊಂಡು ಬಂದು ಇಲ್ಲಿ ನೆಡಿಸಿದೀನಿ ಅಂತ ಕೆತ್ಸಿದಾನೆ. ಉಳಿದಿರೋದು ಕೊನೇ ಐದು: ಮಗುವಾಗಿದ್ದಾಗ ನಡತೆ ಕಲಿ, ಹರೆಯದಲ್ಲಿ ಹಿಡಿತ ಇರಲಿ, ನಡು ವಯಸ್ಸಲ್ಲಿ ನ್ಯಾಯವಾಗಿರು, ಮುಪ್ಪಲ್ಲಿ ಒಳ್ಳೇ ಸಲಹೆ ಕೊಡು, ಸಾಯುವಾಗ ಕೊರಗಬೇಡ.

ಮೂರನೇ_ಕಾಫಿ

ಇದನ್ನೂ ಓದಿ ಹೇಳ್ದೆ. ಅಮ್ಮ ನಾಲ್ಕನೇದು ನಂಗೆ ಅಂದ್ರು, ಕೊಟ್ಟ ಸಲಹೆ ಕೇಳೋರು ಬೇಕಲ್ಲ ಅಂತ ನನ್ ಕಡೆ ನೋಡಿದ್ರು.

ಹೊಸಪೇಟೆ_ಬಿಸಿಲು

ನನ್ನದೊಂದು ಬೇರೆ ಪ್ರಶ್ನೆ. ಅಷ್ಟೊಂದು ದೊಡ್ಡ ಜಾಗ ಅಗೆಯೋಕೆ ಮುಂಚೆ ಅಲ್ಲಿ ಏನಿತ್ತು? ಖಾಲಿ ಗುಡ್ಡನಾ?

ಹಳೇಕಲ್ಲು

ಒಳ್ಳೇ ಪ್ರಶ್ನೆ, ಗೈಡ್‌ಗಳು ಒಂದೇ ಸಾಲಲ್ಲಿ ಮುಗಿಸ್ತಾರೆ. ಖಾಲಿ ಅಲ್ಲ, ಕಾಸ್ತ್ರಿ ಅಂತ ಒಂದು ಹಳ್ಳಿ. ಅಪೊಲೋ ದೇವಸ್ಥಾನದ ಮೇಲೇ ಮನೆಗಳು, ಗೋಡೆಗೆ ಹಾಕಿದ್ದೂ ಅದೇ ಕಲ್ಲು. ಫ್ರೆಂಚರ ಪುರಾತತ್ವ ಶಾಲೆ ಗ್ರೀಕ್ ಸರ್ಕಾರದ ಜೊತೆ ಒಪ್ಪಂದ ಮಾಡ್ಕೊಂಡು ಇಡೀ ಹಳ್ಳಿನ ಎತ್ತಿ ಪಶ್ಚಿಮಕ್ಕೆ ಹೊಸ ಜಾಗಕ್ಕೆ ಸಾಗಿಸ್ತು, ಈಗ ನೀವೆಲ್ಲ ರೂಮ್ ಮಾಡೋ ಡೆಲ್ಫಿ ಊರು ಅದೇ. 1892ರಲ್ಲಿ ಅಗೆತ ಶುರು ಮಾಡಿದಾಗ ಪರಿಹಾರದ ದುಡ್ಡು ಬಂದಿಲ್ಲ ಅಂತ ಜನ ಕೆಲಸ ನಿಲ್ಲಿಸಿದ್ರು, ಕಾವಲಿಟ್ಟು ಮುಂದುವರಿಸಬೇಕಾಯ್ತು. ಮಣ್ಣು ಸಾಗಿಸೋಕೆ ಗುಡ್ಡದ ಮೇಲೆ ಪುಟ್ಟ ರೈಲು ಹಳಿನೇ ಹಾಕಿದ್ರು. 1894ರಲ್ಲಿ ಆಂಟಿನೋಸ್ (ರೋಮ್ ಚಕ್ರವರ್ತಿ ಹ್ಯಾಡ್ರಿಯನ್‌ನ ಪ್ರೀತಿಯ ಹುಡುಗ) ಮೂರ್ತಿ ನಿಂತ ಹಾಗೇ ಮಣ್ಣಿಂದ ಎದ್ದು ಬಂತು, ಸುತ್ತ ಅಗೆಯೋರು ನಿಂತಿರೋ ಹಳೇ ಫೋಟೋ ಇದೆ, ಎಲ್ಲರ ಮುಖನೂ ಅವನ ಮುಖದಷ್ಟೇ ಚೆನ್ನಾಗಿದೆ.

ಹೊಸಪೇಟೆ_ಬಿಸಿಲು

ಕೇಳಿದ್ದಕ್ಕೆ ಕಾರಣ ಇದೆ. 2011ರಲ್ಲಿ ಹಂಪಿ ಬಜಾರ್ ಸಾಲುಮಂಟಪದಿಂದ ಜನರನ್ನ ಎಬ್ಬಿಸಿದ್ದು ನಾನು ಕಣ್ಣಾರೆ ನೋಡಿದೀನಿ, ನಮ್ಮ ಪರಿಚಯದವರ ಹೋಟೆಲ್ಲೂ ಹೋಯ್ತು. ಸ್ಮಾರಕ ಉಳೀಬೇಕು, ನಾನು ಇಲ್ಲ ಅನ್ನಲ್ಲ. ಆದ್ರೆ ಅಲ್ಲಿ ಸಂಜೆ ಇರ್ತಿದ್ದ ಗದ್ದಲ ನೆನಪಾಗುತ್ತೆ.

ಇಸ್ತಾಂಬುಲ್_ಇಡ್ಲಿ

ಯಾರೂ ಹಾವಿನ ಕಂಬದ ವಿಷ್ಯ ಹೇಳ್ಲೇ ಇಲ್ಲ! ಕ್ರಿ.ಪೂ. 479ರಲ್ಲಿ ಪ್ಲಟಾಯಾದಲ್ಲಿ ಪರ್ಷಿಯನ್ನರನ್ನ ಸೋಲಿಸಿದ ಮೇಲೆ ಗ್ರೀಕರು ಡೆಲ್ಫಿಯಲ್ಲಿ ಮೂರು ಹಾವು ಹೆಣೆದುಕೊಂಡಿರೋ ಕಂಚಿನ ಕಂಬ ನಿಲ್ಸಿದ್ರು, ಯುದ್ಧಕ್ಕೆ ಬಂದ 31 ಊರಿನ ಹೆಸರು ಅದರ ಮೇಲೇ ಇದೆ. ರೋಮ್ ದೊರೆ ಕಾನ್‌ಸ್ಟಂಟೈನ್ ಅದನ್ನ ತನ್ನ ಹೊಸ ರಾಜಧಾನಿಗೆ, ಅಂದ್ರೆ ಈಗಿನ ಇಸ್ತಾಂಬುಲ್‌ಗೆ ಸಾಗಿಸಿದ. ನಾನು ದಿನಾ ಆಫೀಸಿಂದ ಬರ್ತಾ ಸುಲ್ತಾನಹ್ಮೆತ್ ಚೌಕದಲ್ಲಿ ನೋಡ್ತೀನಿ, ಒಂದು ತಗ್ಗಲ್ಲಿ ಹಸಿರು ತಿರುಗಿ ನಿಂತಿದೆ, ತಲೆ ಮೂರೂ ಇಲ್ಲ, ಒಂದರ ಮೇಲ್ದವಡೆ ಮಾತ್ರ ಇಲ್ಲಿನ ಮ್ಯೂಸಿಯಂನಲ್ಲಿದೆ. ಟೂರಿಸ್ಟ್‌ಗಳು ಪಕ್ಕದ ಈಜಿಪ್ಟ್ ಕಂಬದ ಫೋಟೋ ತೆಗೆದು ಇದಕ್ಕೆ ಬೆನ್ನು ತಿರುಗಿಸಿ ಮೆಕ್ಕೆಜೋಳ ತಿಂತಾರೆ.

ಹಳೇಕಲ್ಲು

ಅದಕ್ಕೇ ಆ ರಥದವನ ಬಗ್ಗೆ ಹೇಳ್ಬೇಕು. ಡೆಲ್ಫಿಯಲ್ಲಿ ಕಂಚಿನ ಮೂರ್ತಿ ಎಷ್ಟಿತ್ತು ಅಂದ್ರೆ ನೀರೋ ಚಕ್ರವರ್ತಿ ಒಬ್ಬನೇ 500 ಹೊತ್ಕೊಂಡು ಹೋದ ಅಂತ ಹಳೇ ಗ್ರೀಕ್ ಪ್ರವಾಸಿ ಪೌಸಾನಿಯಸ್ ಬರೀತಾನೆ, ಆಮೇಲೂ ಬೇಕಾದಷ್ಟು ಉಳಿದಿತ್ತು. ಒಂದಷ್ಟು ಸಾಗಿಸಿದ್ರು, ಒಂದಷ್ಟು ಕರಗಿಸಿದ್ರು, ಕಂಚಿಗೆ ಯಾವಾಗ್ಲೂ ಬೆಲೆ. ಇವನು ಒಬ್ಬ ಯಾಕೆ ಉಳಿದ? ಕ್ರಿ.ಪೂ. 373ರಲ್ಲಿ ಭೂಕಂಪ ಆಗಿ ಬೆಟ್ಟದಿಂದ ಬಂಡೆ ಉರುಳಿ ದೇವಸ್ಥಾನನೇ ಬಿತ್ತು, ಆಗ ಇವನೂ ಮಣ್ಣಡಿ ಸೇರಿದ, ಯಾರ ಕೈಗೂ ಸಿಗ್ಲಿಲ್ಲ. ನಿಂತಿದ್ದಿದ್ದು ನೂರು ವರ್ಷ, ಮಲಗಿದ್ದಿದ್ದು ಎರಡು ಸಾವಿರದ ಇನ್ನೂರಕ್ಕೂ ಮೇಲೆ. 1896ರಲ್ಲಿ ತುಂಡು ತುಂಡಾಗಿ ಸಿಕ್ಕ, ಎಡಗೈ ಇಲ್ಲ, ಬಲಗೈಯಲ್ಲಿ ಕಡಿವಾಣದ ಪಟ್ಟಿ ಇನ್ನೂ ಹಿಡ್ಕೊಂಡಿದಾನೆ.

ಸಿಸಿಲಿಯ ಗೆಲಾ ಊರಿನ ದೊರೆ ಪಾಲಿಜಾಲಸ್ ರಥದ ಪಂದ್ಯ ಗೆದ್ದಿದ್ದಕ್ಕೆ ಕೊಟ್ಟ ಹರಕೆ ಇದು, ಕ್ರಿ.ಪೂ. 478 ಇಲ್ಲ 474ರದ್ದು. ಪೂರ್ತಿ ರಥ, ಕುದುರೆ ಎಲ್ಲ ಇತ್ತು, ಕುದುರೆ ಕಾಲು ಬಾಲದ ಚೂರು ಅದೇ ಕೋಣೇಲಿದೆ. ಎತ್ತರ 1.80 ಮೀಟರ್, ಹೆಚ್ಚುಕಮ್ಮಿ ನಮ್ಮಷ್ಟೇ. ಅಮ್ಮ ಕಾಲು ನೋಡಿದ್ರು, ಮುಂದಿನ ಸಲ ಕಣ್ರೆಪ್ಪೆ ನೋಡಲಿ. ತಾಮ್ರದ ಸಣ್ಣ ಎಳೆ, ಒಂದೊಂದೇ ಕತ್ತರಿಸಿ ಕೂರ್ಸಿದಾನೆ. ಕಣ್ಣು ಬೇರೆ ಮಾಡಿ ಒಳಗಿಟ್ಟಿದ್ದು, ಅದಕ್ಕೇ ಸ್ವಲ್ಪ ಪಕ್ಕಕ್ಕೆ ಸರಿದ್ರೆ ನಿಮ್ಮನ್ನ ನೋಡಿದಂಗೆ ಆಗುತ್ತೆ. ತುಟಿ ತಾಮ್ರ, ತಲೆಪಟ್ಟಿಗೆ ಬೆಳ್ಳಿ ಕೂರಿಸಿದೆ. ಪಂದ್ಯ ಗೆದ್ದಿದಾನೆ, ಮುಖದಲ್ಲಿ ಕುಣಿತ ಇಲ್ಲ, ಬೆವರು ಒರೆಸ್ಕೊಳ್ಳೋಕೆ ಮುಂಚೆ ಒಂದು ಕ್ಷಣ ಸುಮ್ನೆ ನಿಂತಂಗಿದಾನೆ.

ಜರ್ಮನಿ_ಜೋಳದರೊಟ್ಟಿ

ನಮ್ಮ ದೊಡ್ಡಾಕಿ ಅವನಂಗ ನಿಂತು ಫೋಟೋ ತಗಸ್ಕೊಳ್ಳಾಕ ಹೋದ್ಲು, ಗಾರ್ಡ್ ಬಾಯಿ ಓಡಿ ಬಂದ್ಲು. ಮೂರ್ತಿ ಪಕ್ಕ ಪೋಸ್ ಕೊಡೂಹಂಗಿಲ್ಲ, ಫ್ಲ್ಯಾಶ್ ಹೊಡ್ಯೂಹಂಗಿಲ್ಲ, ಬರೀ ಮೂರ್ತಿ ಫೋಟೋ ತಗೀಬೋದು. ಹುಡುಗರ್ನ ಕರ್ಕೊಂಡ ಹೋಗೂರು ಮೊದಲ ಹೇಳಿ ಇಡ್ರಿ.

ಹುಡುಗರಿಗೆ ಸೇರಿದ್ದು ಅಂದ್ರ ಆ ಅಣ್ಣತಮ್ಮ ಇಬ್ರ ಕಲ್ಲಿನ ಮೂರ್ತಿ, ಕ್ಲಿಯೋಬಿಸ್ ಬೀಟೋನ್. ಅವ್ವ ಹೀರಾ ದೇವಿ ಪೂಜಾರ್ತಿ, ಗುಡಿಗೆ ಹೋಗಾಕ ಎತ್ತು ಹೊಲದಿಂದ ಬರ್ಲಿಲ್ಲ, ಮಕ್ಳ ನೊಗಕ್ಕ ಹೆಗಲ ಕೊಟ್ಟು ಗಾಡಿ ಎಳ್ಕೊಂಡು ಎಂಟ ಕಿಲೋಮೀಟರ್ ಹೋದ್ರು. ಅವ್ವ ನನ್ನ ಮಕ್ಳಿಗೆ ಮನಷ್ಯಾಗ ಸಿಗೂದ್ರಾಗ ಚಲೋದ್ದು ಕೊಡು ಅಂತ ಬೇಡಿದ್ಲು, ಅವ್ರು ಗುಡ್ಯಾಗ ಮಲಗಿದವ್ರು ಏಳ್ಲೇ ಇಲ್ಲ. ಇಲ್ಲಿಗೆ ಕತಿ ಮುಗೀತು ಅಂದೆ. ನಮ್ಮ ಸಣ್ಣಾಂವ "ಅಂದ್ರ ನಾವು ನಿನ್ನ ಬ್ಯಾಗ್ ಹೊರೂದಿಲ್ಲ" ಅಂತ ಅಲ್ಲೇ ಇಳಿಸಿಟ್ಟ.

ಮೂರನೇ_ಕಾಫಿ

ಅಯ್ಯೋ 😂😂 ನಾನು ಆ ಇಬ್ಬರನ್ನ ದಾಟಿಕೊಂಡೇ ಓಡಿದೀನಿ. ಇನ್ನೇನು ಬಿಟ್ಟೆ ಹೇಳಿ, ಪಟ್ಟಿ ಮಾಡ್ಕೋತೀನಿ.

ಹಳೇಕಲ್ಲು

ಬಂಗಾರ ದಂತದ ಕೋಣೆ. 1939ರಲ್ಲಿ ಪವಿತ್ರ ದಾರಿಯ (ದೇವಸ್ಥಾನಕ್ಕೆ ಹತ್ತೋ ದಾರಿ) ಚಪ್ಪಡಿ ಕೆಳಗೇ ಗುಂಡಿಯಲ್ಲಿ ಸಿಕ್ಕಿದ್ದು, ಎಲ್ಲೋ ಬೆಂಕಿಯಲ್ಲಿ ಸುಟ್ಟು ಹಾಳಾದ ದೇವರ ಮೂರ್ತಿ, ದೇವರ ವಸ್ತು ಬಿಸಾಕಬಾರದು ಅಂತ ಅಲ್ಲೇ ಹೂತಿದ್ರು. ದಂತದ ಮುಖ ಸುಟ್ಟು ಕಪ್ಪಾಗಿದೆ, ಮೇಲೆ ಚಿನ್ನದ ಕೂದಲು ಹಂಗೇ ಹೊಳೀತಿದೆ. ಪಕ್ಕದಲ್ಲಿ ಬೆಳ್ಳಿ ತಗಡಿನ ಹೋರಿ, ನಿಜವಾದ ಹೋರಿಯಷ್ಟೇ ದೊಡ್ಡದು.

ಆಮೇಲೆ ಹಾಡು ಕೆತ್ತಿದ ಕಲ್ಲು. ಕ್ರಿ.ಪೂ. 128ರ ಸುಮಾರಿನದು, ಅಥೆನ್ಸ್ ಭಂಡಾರದ ಗೋಡೆಯಲ್ಲಿದ್ದದ್ದು, ಅಮ್ಮ ಕೂತಿದ್ರಲ್ಲ ಅದೇ. ಅಪೊಲೋ ಸ್ತುತಿ, ಸಾಹಿತ್ಯದ ಮೇಲೆ ಸ್ವರದ ಗುರುತು ಹಾಕಿದಾರೆ, ಹಾಗಾಗಿ ಇವತ್ತಿಗೂ ಹಾಡಬಹುದು.

ಸೈಟ್‌ನಲ್ಲಿ ದೇವಸ್ಥಾನದ ಜಗತಿ ಹೊರೋ ಗೋಡೆ. ಒಂದು ಕಲ್ಲೂ ಚೌಕ ಇಲ್ಲ, ಬಾಗು ಬಾಗಾಗಿ ಒಂದಕ್ಕೊಂದು ಕಚ್ಚಿಕೊಂಡಿವೆ, ಸಂದಿಯಲ್ಲಿ ಬ್ಲೇಡ್ ಹೋಗಲ್ಲ. ಹತ್ರ ಹೋಗಿ ನೋಡಿ, ಮೇಲೆಲ್ಲ ಇರುವೆ ಸಾಲಿನ ಥರ ಅಕ್ಷರ. ನೂರಾರು ಶಾಸನ, ಬಹುಪಾಲು ಗುಲಾಮರ ಬಿಡುಗಡೆ ಪತ್ರ. ಗುಲಾಮ ದುಡ್ಡು ಕೂಡಿಟ್ಟು ತಂದು, ಅಪೊಲೋನೇ ಅವನನ್ನ ಯಜಮಾನನಿಂದ ಕೊಂಡುಕೊಂಡ ಅನ್ನೋ ಲೆಕ್ಕದಲ್ಲಿ ಬಿಡುಗಡೆ. ಹೆಸರು, ಬೆಲೆ, ಸಾಕ್ಷಿ ಎಲ್ಲ ನಮ್ಮ ದಾನಶಾಸನದ ಹಾಗೇ. ಕೆಲವದ್ರಲ್ಲಿ ಒಂದು ಷರತ್ತು ಇರುತ್ತೆ, ಯಜಮಾನ ಬದುಕಿರೋವರೆಗೂ ಜೊತೇಲೇ ಇದ್ದು ಸೇವೆ ಮಾಡ್ಬೇಕು ಅಂತ. ದುಡ್ಡೂ ಕೊಟ್ಟು, ಕಲ್ಲಲ್ಲೂ ಬರೆಸಿ, ಮತ್ತೆ ಅದೇ ಮನೆಗೆ ಹೋಗಿ ಪಾತ್ರೆ ತೊಳೆಯೋದು. ನನಗೆ ಡೆಲ್ಫಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಸಿದ್ದು ಆ ಗೋಡೆ, ಮೂರ್ತಿ ಅಲ್ಲ.

ಮತ್ತೆ ರಸ್ತೆ ದಾಟಿ ಕೆಳಗಿರೋ ಅಥೀನಾ ಗುಡಿ, ದುಂಡಗಿನ ಕಟ್ಟಡದ ಮೂರು ಕಂಬ. ಪೋಸ್ಟ್‌ಕಾರ್ಡಲ್ಲಿ ಬರೋದು ಅದೇ. ಟೂರ್ ಬಸ್ಸು ಅಲ್ಲಿ ನಿಲ್ಸೋದು ಕಮ್ಮಿ. ಸಂಜೆ ಹೋಗಿ.

ಹಾಸನದ_ಹಕ್ಕಿ

ನಂಗೆ ಮುಂದಿನ ವಾರ ಅಥೆನ್ಸ್‌ನಲ್ಲಿ ಕಾನ್ಫರೆನ್ಸ್ ಇದೆ ಕಣ್ರಿ, ಒಂದಿನ ಬಿಡುವು. ಈ ಥ್ರೆಡ್ ಓದಿ ಬಸ್ ಟಿಕೆಟ್ ಬುಕ್ ಮಾಡ್ದೆ, ರಾತ್ರಿ ಉಳಿಯೋಕಾಗಲ್ಲ. ಬೆಳಿಗ್ಗೆ ಮೊದಲ ಬಸ್ಸಲ್ಲಿ ಹೋಗಿ ಸಂಜೆ ವಾಪಸ್. ಮೊದಲು ಯಾವುದು ಅಂತ ಇಬ್ರೂ ಸೇರಿ ಒಂದು ತೀರ್ಮಾನ ಮಾಡಿ.

ಜರ್ಮನಿ_ಜೋಳದರೊಟ್ಟಿ

ಬಸ್ಸು ಮುಟ್ಟೂದರಾಗ ಬಿಸಲ ಏರಿರ್ತದ, ನಿಮಗ ಹಳೇಕಲ್ಲು ಹೇಳಿದ್ದ ಸರಿ, ಮ್ಯೂಸಿಯಂ ಮೊದಲ. ಬಿಸಲ ಇಳಿದ ಮ್ಯಾಲ ಗುಡ್ಡ. ನೀರಿನ ಬಾಟ್ಲಿ, ಟೋಪಿಗಿ, ಜಾರಲಾರದ ಬೂಟು. ವಾಪಸ್ ಬಸ್ ಟೈಮ್ ಊರಾಗ ಇಳಿದ ಕೂಡ್ಲೇ ಕೇಳಿ ಇಟ್ಕೋರಿ, ಕಡೀ ಬಸ್ ತಪ್ಪಿದ್ರ ಕಣಿ ಕೇಳಾಕ ಪಿಥಿಯಾನೂ ಇಲ್ಲ ಅಲ್ಲಿ.

ಹಾಸನದ_ಹಕ್ಕಿ

ಈಗ ಒಳಗಿದೀನಿ. ಹದಿನೈದು ನಿಮಿಷದಿಂದ ರಥದವನ ಮುಂದೆ. ಮೊದಲು ಕಾಲು ನೋಡ್ದೆ, ಮೂರನೇ_ಕಾಫಿ ಅವರ ಅಮ್ಮನಿಗೆ ಹೇಳಿ. ರೆಪ್ಪೆ ಎಣಿಸೋಣ ಅಂತ ಬಗ್ಗಿದೆ, ಗಾರ್ಡಮ್ಮ ಹಿಂದೆ ಸರೀರಿ ಅಂತ ಕೈ ಮಾಡಿದ್ರು.

ಮೂರನೇ_ಕಾಫಿ

ಹೇಳ್ದೆ. ಎಡಗಾಲಾ ಬಲಗಾಲಾ, ಯಾವುದು ಮುಂದಿದೆ ಸರಿಯಾಗಿ ನೋಡೋಕೆ ಹೇಳು, ನಂಗೆ ಮರ್ತೋಯ್ತು ಅಂತಿದಾರೆ.